ಹಾವಗೆಪ್ಪನ ಕೈ, ವಕೀಲರ ತವಾ

ಭಾಲ್ಕಿಯ ಹಾವಗೆಪ್ಪನಿಗೆ ಎರಡರ ಮೇಲೆ ವಿಪರೀತ ಅಭಿಮಾನ. ಒಂದು ಅವನ ಮೀಸೆ, ಇನ್ನೊಂದು ಅವನ ಕೈ. ಮೀಸೆಯ ಮಾತು ಬಿಡಿ, ಅದು ದೇವರು ಕೊಟ್ಟಿದ್ದು, ಎಣ್ಣೆ ಹಚ್ಚಿದರೆ ಯಾರದಾದರೂ ಬೆಳೆಯುತ್ತದೆ. ಕೈಯನ್ನು ಮಾತ್ರ ತಾನು ಮುಂಬಯಿಯಲ್ಲಿ ಬೆವರು ಸುರಿಸಿ ಸಂಪಾದಿಸಿದೆ ಎಂದು ಅವನ ವಾದ. ಆ ವಾದವನ್ನು ಭಾಲ್ಕಿಯ ಕೋಟೆ ಅಗಸಿಯ ಬಳಿ ಅವನ ಅಂಗಡಿಯ ಕಟ್ಟೆಗೆ ಕೂತವರೆಲ್ಲ ಕೇಳಲೇಬೇಕು, ಕೇಳದೆ ಎದ್ದರೆ ಅವರ ಬಾಜಾ ಪೆಟ್ಟಿಗೆ ರಿಪೇರಿಯಾಗುತ್ತಿರಲಿಲ್ಲ.

ಆ ಕೈ ಮಾಡಿದ್ದಾದರೂ ಏನು? ಹೇಳುತ್ತೇನೆ. ಕರೆಂಟಿನ ಯಂತ್ರ ಬರುವುದಕ್ಕಿಂತ ಮುಂಚೆ, ಮುಂಬಯಿಯ ರಿಕಾರ್ಡಿಂಗ್ ಖೋಲಿಯಲ್ಲಿ ಹಾಡುವವರ ಮುಂದೆ ಒಂದು ದೊಡ್ಡ ತಗಡಿನ ಕಹಳೆ ಇರುತ್ತಿತ್ತು. ಅದರ ಬಾಯೊಳಗೆ ಹಾಡಬೇಕು. ಗೋಡೆಯಾಚೆ ಮೇಣದ ತಟ್ಟೆ ತಿರುಗುತ್ತಿರುತ್ತದೆ, ಸೂಜಿ ದನಿಯನ್ನು ಅದರ ಮೇಲೆ ಕೊರೆಯುತ್ತದೆ. ದನಿ ಸಣ್ಣದಾದರೆ ಸೂಜಿಗೆ ಕೇಳುವುದಿಲ್ಲ, ದೊಡ್ಡದಾದರೆ ಸೂಜಿ ಹಾರಿ ಮೇಣವೇ ಹಾಳು. ಅದಕ್ಕೆಂದೇ ಹಾಡುವವರ ಹಿಂದೆ ಒಬ್ಬ ಆಳು ನಿಲ್ಲುತ್ತಿದ್ದ. ದನಿ ಇಳಿಯುವ ಮುನ್ನ ಹಾಡುಗಾರನ ಭುಜ ಹಿಡಿದು ಕಹಳೆಯತ್ತ ನೂಕುವುದು, ಏರುವ ಮುನ್ನ ಹಿಂದಕ್ಕೆ ಎಳೆಯುವುದು. ಹೆಣ್ಣುಮಕ್ಕಳಾದರೆ ಮೈ ಮುಟ್ಟುವ ಹಾಗಿಲ್ಲ, ಗಾಲಿ ಹಚ್ಚಿದ ಮಣೆಯ ಮೇಲೆ ಕೂಡಿಸಿ ಮಣೆಯನ್ನೇ ಸರಿಸುವುದು. ದನಿ ಏರಿದ ಮೇಲೆ ಎಳೆದರೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ. ಕತ್ತಿನ ನರ, ಉಸಿರಿನ ಏರಿಳಿತ ನೋಡಿ ಮೊದಲೇ ತಿಳಿಯಬೇಕು. ಹಾವಗೆಪ್ಪನಿಗೆ ತಿಳಿಯುತ್ತಿತ್ತು. ಕಂಪನಿಯ ದೊರೆ ಕೂಡ ಅವನಿಲ್ಲದೆ ಮೇಣ ಕಾಯಿಸುತ್ತಿರಲಿಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ನಾನು ದೊರೆಯನ್ನು ಕೇಳಿಲ್ಲ, ಹಾವಗೆಪ್ಪನ ಮಾತನ್ನೇ ನಂಬಿದ್ದೇನೆ.

ಮುಂದೆ ಕರೆಂಟಿನ ಮೈಕ್ ಬಂತು. ಕಹಳೆ ಹೋಯಿತು, ಕಹಳೆಯ ಜೊತೆ ಹಾವಗೆಪ್ಪನ ಕೆಲಸವೂ ಹೋಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಅವನದು. ಗುಜರಿಯಲ್ಲಿ ಸಿಕ್ಕ ಹಳೆಯ ಮೇಣದ ಯಂತ್ರವೊಂದನ್ನು ಹೊತ್ತು ಭಾಲ್ಕಿಗೆ ಬಂದು ಅಂಗಡಿ ಇಟ್ಟ. ಬಂದವರ ದನಿಯನ್ನು ಮೇಣದ ಕೊಳವೆಯ ಮೇಲೆ ಹಿಡಿದು ಅವರಿಗೇ ಕೇಳಿಸುತ್ತಿದ್ದ. ತಮ್ಮ ದನಿ ತಾವೇ ಕೇಳಿ ಅವರು ಬೆಚ್ಚಿ ಬೀಳುತ್ತಿದ್ದರು. ಆಮೇಲೆ ಮೇಣ ಹೆರೆದು ಕೊಳವೆ ನುಣ್ಣಗೆ ಮಾಡಿ ಮುಂದಿನವರನ್ನು ಕರೆಯುತ್ತಿದ್ದ. ಹೀಗೆ ಭಾಲ್ಕಿಯ ಅರ್ಧ ಊರಿನ ದನಿ ಹೆರೆದ ಮೇಣವಾಗಿ ಅವನ ಅಂಗಡಿಯ ಮೂಲೆಯಲ್ಲಿ ಬಿದ್ದಿತ್ತು.

ಹೀಗಿರುವಾಗ ಬೀದರಿನಲ್ಲಿ ವಕೀಲ ರಶೀದ ಅಹ್ಮದ ಅವರು ವಿಲಾಯತಿಯಿಂದ ಒಂದು ಯಂತ್ರ ತರಿಸಿದರು. ಮೈಕ್ ಏನು, ಬ್ಯಾಟರಿ ಏನು, ಸಾಗವಾನಿ ಪೆಟ್ಟಿಗೆ ಏನು! ಅದರಲ್ಲಿ ದನಿ ಕೊರೆಯುವುದು ಮೇಣದ ಮೇಲಲ್ಲ, ಅಲ್ಯುಮಿನಿಯಂ ತಟ್ಟೆಯ ಮೇಲೆ. ರೊಟ್ಟಿ ಬೇಯಿಸುವ ತವಾದಂತೆ ಕಾಣುವುದರಿಂದ ರಿಕಾರ್ಡನ್ನು ನಮ್ಮ ಕಡೆ ಜನ ತವಾ ಅಂತಲೇ ಕರೆಯುತ್ತಿದ್ದರು, ವಕೀಲರದಂತೂ ಬೆಳ್ಳಿ ತವಾ. ಚೌಬಾರಾ ಗೋಪುರದ ಹತ್ತಿರದ ತಮ್ಮ ಹವೇಲಿಗೆ ಅವರು ಊರ ಪ್ರಮುಖರನ್ನೆಲ್ಲ ಕರೆದರು. ಹಾವಗೆಪ್ಪನಿಗೂ ಕರೆ ಹೋಯಿತು. ಅವನು ಹೋಗಿ ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೀಸೆ ತೀಡಿ, ತುಂಬಿದ ಸಭೆಯಲ್ಲಿ ಬಾಯಿಬಿಟ್ಟ.

"ವಕೀಲ ಸಾಬ, ಯಂತ್ರಕ್ಕ ಕಿವಿ ಭಾಳ ಚಲೋ ಅದಾವ್ರಿ. ಬುದ್ಧಿ ಯಾವ ಹಡಗದಾಗ ಬರ್ತದ?"

ಸಭೆ ಗೊಳ್ಳೆಂದಿತು. ವಕೀಲರೂ ನಕ್ಕರು, ನಕ್ಕು ಹೇಳಿದರು: "ಉಸ್ತಾದ, ಇದಕ್ಕ ಉಸ್ತಾದರ ಜರೂರತ್ ಇಲ್ಲ. ಗುಂಡಿ ಒತ್ತಿದ್ರ ಮುಗೀತು. ಭುಜ ಹಿಡದು ಎಳಿಯೋ ಜಮಾನಾ ಹೋಯ್ತು."

ಈ ಸಲ ಸಭೆ ಇನ್ನೂ ಜೋರಾಗಿ ನಕ್ಕಿತು. ಹಾವಗೆಪ್ಪ ಮುಖ ಕೆಂಪಗೆ ಮಾಡಿಕೊಂಡು ಮೆಟ್ಟಿಲಿಳಿದ. ಇನ್ನು ಈ ಹವೇಲಿಯ ಮೆಟ್ಟಿಲು ತುಳಿದರೆ ನಾನು ಹಾವಗೆಪ್ಪನೇ ಅಲ್ಲ ಎಂದು ಭಾಲ್ಕಿ ಮುಟ್ಟುವ ತನಕ ಗಾಡಿಯವನಿಗೆ ಹೇಳುತ್ತಲೇ ಬಂದ. ಗಾಡಿಯವನು ಮರುದಿನವೇ ಅದನ್ನು ಊರಿಗೆಲ್ಲ ಹಂಚಿದ.

ಇಂಥ ಆಣೆಗಳಿಗೆ ಆಯುಷ್ಯ ಕಡಿಮೆ.

ಔರಾದದಿಂದ ಅವನ ಅಕ್ಕ ಸುಂದರಬಾಯಿ ಬೀದರಿಗೆ ಬಂದಳು. ಕೊರಳಲ್ಲಿ ಗಂಟೊಂದು ಬೆಳೆದು ನಿಂಬೆಹಣ್ಣಿನಷ್ಟಾಗಿತ್ತು. ಹಾವಗೆಪ್ಪ ಅವಳನ್ನು ದವಾಖಾನೆಗೆ ಕರೆದೊಯ್ದ. ಡಾಕ್ಟರು ಕೊರಳು ಮುಟ್ಟಿ ನೋಡಿ, ಕೊಯ್ಯದೆ ಗತಿಯಿಲ್ಲ, ಬರುವ ಸೋಮವಾರವೇ ಕೊಯ್ಯಬೇಕು ಎಂದರು.

"ಜೀವಕ್ಕ ಏನೂ ಆಗದಂಗ ನೋಡ್ಕೋತೇನಿ. ದನಿದು ಮಾತ್ರ ನನ್ನ ಕೈಯಾಗಿಲ್ಲ. ಗಂಟು ದನಿ ನರದ ಮ್ಯಾಲೇ ಕುಂತದ."

ಹೊರಗೆ ಬೇವಿನ ಮರದ ಕೆಳಗೆ ಕೂತು ಸುಂದರಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋದ್ರ ಹೋಗ್ಲಿ ಬಿಡೋ ಹಾವಗ್ಯಾ. ನಾ ಏನು ನಿಜಾಮನ ದರಬಾರದಾಗ ಹಾಡಾಕಿ ಏನು? ಬೀಸೋ ಕಲ್ಲಿಗಿ ಹಾಡಾಕಿ," ಅಂದಳು.

ಹಾವಗೆಪ್ಪನನ್ನು ಹೆತ್ತವ್ವ ಅವನು ನಡೆಯಲು ಕಲಿಯುವ ಮುಂಚೆ ತೀರಿಕೊಂಡಿದ್ದಳು. ಠಾಣಾ ಕುಶನೂರಿನ ಮನೆಯಲ್ಲಿ ಅವನನ್ನು ಸಾಕಿದ್ದು ಈ ಅಕ್ಕ. ನಸುಕಿನಲ್ಲಿ ಎದ್ದು ಜೋಳ ಬೀಸುವಾಗ ತಮ್ಮನನ್ನು ಒಂಟಿಯಾಗಿ ಮಲಗಿಸಲಾರದೆ ಎದುರಿಗೆ ಕೂಡಿಸಿಕೊಳ್ಳುತ್ತಿದ್ದಳು, ಅವನ ಕೈಯನ್ನೂ ಕಲ್ಲಿನ ಗೂಟದ ಮೇಲೆ ಇಡುತ್ತಿದ್ದಳು. ಗಂಡುಹುಡುಗ ಬೀಸುತ್ತಾನೆಂದು ಓಣಿಯೆಲ್ಲ ನಗುತ್ತಿತ್ತು. ಅವನು ಅರ್ಧ ನಿದ್ದೆಯಲ್ಲೇ ತೂಗಾಡುತ್ತ ಬೀಸುತ್ತಿದ್ದ, ಅವಳು ಹಾಡುತ್ತಿದ್ದಳು. ಮುಂಬಯಿಯಲ್ಲಿ ಎಂಥೆಂಥ ದನಿಗಳನ್ನು ಅವನು ಕಹಳೆಗೆ ಒಪ್ಪಿಸಿದ! ಅಕ್ಕನ ದನಿಯನ್ನು ಮಾತ್ರ ಒಂದು ದಿನವೂ ಹಿಡಿಯಲಿಲ್ಲ. ಮನೆಯ ದನಿ ತಾನೆ, ಇವತ್ತಲ್ಲ ನಾಳೆ ಎಂದುಕೊಂಡಿದ್ದ. ಈಗ ನಾಳೆ ಎಂಬುದೇ ಸೋಮವಾರಕ್ಕೆ ಬಂದು ನಿಂತಿತ್ತು.

ತನ್ನ ಮೇಣದ ಯಂತ್ರದಲ್ಲಿ ಹಿಡಿಯಬಹುದಿತ್ತು. ಆದರೆ ಮೇಣ ಎಷ್ಟು ದಿನ? ನಾಲ್ಕು ಸಲ ಕೇಳಿದರೆ ಸವೆಯುತ್ತದೆ, ಔರಾದದ ಬೇಸಿಗೆಗೆ ಕರಗಿಯೇ ಹೋಗುತ್ತದೆ. ಬಾಳುವುದು ವಕೀಲರ ಬೆಳ್ಳಿ ತವಾ ಒಂದೇ. ಹಾವಗೆಪ್ಪ ಒಂದು ಗಳಿಗೆ ಮೀಸೆ ಮುಟ್ಟಿಕೊಂಡು ನಿಂತ. ಆಮೇಲೆ ಅಕ್ಕನನ್ನು ಕರೆದುಕೊಂಡು ನೇರ ಹವೇಲಿಯ ಮೆಟ್ಟಿಲು ಹತ್ತಿದ.

ಚುಚ್ಚು ಮಾತು ಬರುತ್ತದೆಂದು ಅವನು ಮೈ ಬಿಗಿಹಿಡಿದಿದ್ದ. ವಕೀಲರು ಎಲ್ಲ ಕೇಳಿ, ಎದ್ದು ನಿಂತು ಸುಂದರಬಾಯಿಗೆ ಸಲಾಂ ಮಾಡಿದರು.

"ಅರೆ ಉಸ್ತಾದ, ನಿಮ್ಮ ಅಕ್ಕ ಅಂದ್ರ ನಮಗೂ ಆಪಾನೇ. ಖಾಲಿ ತವಾ ಮೂರೇ ಉಳದಾವ, ಮೂರೂ ನಿಮ್ಮವೇ. ಒಂದೇ ಶರ್ತ. ನೀವು ದೂರ ಕೂಡಬೇಕು. ಯಂತ್ರ ತನ್ನ ಕೆಲಸ ತಾನೇ ಮಾಡ್ತದ."

ಬೇಡಲು ಬಂದವನಿಗೆ ಶರತ್ತೇನು ಭಾರ? ಹಾವಗೆಪ್ಪ ದಿವಾನಖಾನೆಯ ಮೂಲೆಯಲ್ಲಿ ಹೋಗಿ ಕೂತ. ಸುಂದರಬಾಯಿಯನ್ನು ಮಖಮಲ್ಲಿನ ಕುರ್ಚಿಯ ಮೇಲೆ ಕೂಡಿಸಿದರು. ಮುಂದೆ ಮೈಕ್ ಜೋತಾಡುತ್ತಿತ್ತು. ವಕೀಲರು ಗುಂಡಿ ಒತ್ತಿದರು, ತವಾ ತಿರುಗಿತು. ಅವಳು ಅರ್ಧ ಸಾಲು ಹಾಡಿ ನಿಂತುಬಿಟ್ಟಳು. ಮತ್ತೆ ಶುರುಮಾಡಿದಳು, ಮತ್ತೆ ನಿಂತಳು.

"ಕೈ ಖಾಲಿ ಇಟ್ಕೊಂಡು ಹ್ಯಾಂಗ ಹಾಡ್ಲಪ್ಪಾ? ಕಲ್ಲು ತಿರಗದ ಹಾಡೇ ನೆನಪಾಗಂಗಿಲ್ಲ."

ಒಂದು ತವಾ ಹೋಯಿತು. ವಕೀಲರ ಮುನಶಿ ಕರೀಮ ಸಾಬ ಅಡುಗೆಮನೆಯಿಂದ ಬೀಸುವ ಕಲ್ಲನ್ನು ಹೊತ್ತು ತಂದ. ಸುಂದರಬಾಯಿ ಕುರ್ಚಿಯಿಂದಿಳಿದು ಕಲ್ಲಿನ ಮುಂದೆ ಕೂತು ಗೂಟ ಹಿಡಿದಳು. ಕಲ್ಲನ್ನು ನೋಡಿದ್ದೇ ಹಾವಗೆಪ್ಪನಿಗೆ ದೂರ ಕೂಡುವ ಶರತ್ತು ಮರೆತೇಹೋಯಿತು. ಮುಂಬಯಿಯ ಬುದ್ಧಿ ಒಳಗಿಂದ ಕುಣಿಯಿತು.

"ಕಾಳು ಬ್ಯಾಡ್ರಿ ಸಾಬ. ಹಿಟ್ಟು ಹಾರಿ ಯಂತ್ರದಾಗ ಹೋಗ್ತದ. ಕಲ್ಲು ತೊಳದು ಕೊಡ್ರಿ, ಅಕ್ಕ ಖಾಲಿ ಕಲ್ಲೇ ತಿರಗಸ್ತಾಳ."

ಸುಂದರಬಾಯಿ ಗೂಟದಿಂದ ಕೈ ತೆಗೆದುಬಿಟ್ಟಳು. ಕಣ್ಣು ಕೆಂಡವಾಯಿತು.

"ಖಾಲಿ ಕಲ್ಲು ತಿರಗಸ್ಲೇನೋ ಖೋಡಿ? ಉಣ್ಣೋ ಮನಿಯಾಗ ಖಾಲಿ ಕಲ್ಲು ತಿರಗಿದ್ರ ಆ ಮನಿ ಏನಾಗ್ತದ ಅಂತ ಗೊತ್ತಿಲ್ಲೇನು ನಿನಗ? ಮುಂಬೈ ನೀರು ಕುಡದು ಎಲ್ಲಾ ಮರತಿ!"

ಪರದೆಯ ಹಿಂದಿನಿಂದ ವಕೀಲರ ಹೆಂಡತಿ ಮಹಮೂದಾ ಬೇಗಂ ಕೂಡ ದನಿಗೂಡಿಸಿದರು: "ತೋಬಾ ತೋಬಾ! ಖರೇ ಅಂತಾರ ಆಪಾ. ನನ್ನ ಮನಿಯಾಗ ಖಾಲಿ ಕಲ್ಲು ತಿರಗಸ್ತೀರೇನು? ತಡೀರಿ, ಜೋಳ ಕಳಸ್ತೇನಿ."

ಇಬ್ಬರು ಹೆಂಗಸರು ಒಂದಾದ ಮೇಲೆ ಗಂಡಸರ ವಿಜ್ಞಾನ ನಡೆಯುತ್ತದೆಯೆ? ಮೊರದ ತುಂಬ ಬಿಳಿಜೋಳ ಬಂತು. ಹಾವಗೆಪ್ಪ ಕಿವಿ ಹಿಡಿದು ತಪ್ಪಾಯಿತೆಂದು ಮತ್ತೆ ಮೂಲೆ ಸೇರಿದ.

ಎರಡನೆಯ ತವಾ ತಿರುಗಿತು. ಈಗ ಸುಂದರಬಾಯಿ ಹಾಡಿದಳು ನೋಡಿ! ಕಲ್ಲು ತಿರುಗಿದ್ದೇ ತಡ, ಹಾಡು ತಾನಾಗಿ ಬಂತು. ಪರದೆಯ ಹಿಂದೆ ಬಳೆಗಳ ಸದ್ದೂ ನಿಂತುಹೋಯಿತು. ವಕೀಲರು ತಲೆದೂಗಿ, ಮುಗಿದ ಮೇಲೆ ವಾಹ್ ವಾಹ್ ಎಂದು ತವಾ ಕೇಳಿಸಲು ಕೂತರು. ಕೇಳಿದ್ದೇನು? ಗುಡುಗು. ಕಲ್ಲಿನ ಗುರುಗುರು ಖೋಲಿಯನ್ನೆಲ್ಲ ತುಂಬಿತು. ಅದರ ನಡುವೆ ಸುಂದರಬಾಯಿಯ ದನಿ ಮುಂದೆ ಬಾಗಿದಾಗ ಕಿವಿಯ ಹತ್ತಿರ, ಹಿಂದೆ ವಾಲಿದಾಗ ಪಕ್ಕದ ಊರು ಜನವಾಡದಷ್ಟು ದೂರ. ಏರುದನಿಯ ಜಾಗದಲ್ಲಂತೂ ಸೂಜಿ ಹಾರಿ, ತವಾದ ಮೇಲೆ ಅಡ್ಡ ಗೀರು ಬಿದ್ದಿತ್ತು. ಅಲ್ಲಿಂದ ಮುಂದೆ ಕರಕರ ಸದ್ದೊಂದೇ.

ವಕೀಲರ ಹಣೆಯ ಮೇಲೆ ಬೆವರು. "ಯಂತ್ರದಾಗ ಏನೋ ಖರಾಬಿ ಆಗ್ಯದ ಉಸ್ತಾದ," ಅಂದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಹಾವಗೆಪ್ಪನ ನಾಲಿಗೆಯ ತುದಿಯಲ್ಲಿ ಇದ್ದಿರಬೇಕು. ಬೇರೆ ದಿನವಾಗಿದ್ದರೆ ಅಂದೇ ತೀರುತ್ತಿದ್ದ. ಇವತ್ತು ಅವನಿಗೆ ಗೆಲ್ಲುವ ಆಸೆಯೇ ಇರಲಿಲ್ಲ. ಉಳಿದದ್ದು ಒಂದೇ ತವಾ. ಅಕ್ಕನ ಕೊರಳ ಗಂಟು ಹಾಡುವಾಗ ಮೇಲೆ ಕೆಳಗೆ ಆಡುವುದನ್ನು ನೋಡಿ ಅವನಿಗೆ ಅಳು ಬಂದಿತ್ತು.

"ಯಂತ್ರ ಹಾಲಿನಂಗ ಅದ ವಕೀಲ ಸಾಬ," ಅಂದ. "ನಿಮ್ಮ ಯಂತ್ರಕ್ಕ ಇದ್ದದ್ದೆಲ್ಲಾ ಕೇಳಸ್ತದ. ಯಾವುದು ಬೇಕು, ಯಾವುದು ಬ್ಯಾಡ ಅಂತ ಹೇಳಾಕ ಒಬ್ಬ ಮನಷ್ಯಾ ಬೇಕಲ್ರಿ."

"ಆಪಾನ ಭುಜಾ ಹಿಡದು ಎಳೀತೀರೇನು ಹಂಗಾದ್ರ?"

ಅದೇ ಯೋಚನೆ ಹಾವಗೆಪ್ಪನದೂ. ಭುಜ ಹಿಡಿದರೆ ಬೀಸುವ ಕೈ ತಪ್ಪುತ್ತದೆ, ಬೀಸುವ ಕೈ ತಪ್ಪಿದರೆ ಹಾಡು ನಿಲ್ಲುತ್ತದೆ. ಗಾಲಿಮಣೆಯ ಮೇಲೆ ಕೂತು ಯಾರಾದರೂ ಜೋಳ ಬೀಸುತ್ತಾರೆಯೆ? ಅವನು ಕಲ್ಲನ್ನು ನೋಡಿದ, ಅಕ್ಕನನ್ನು ನೋಡಿದ, ಕಲ್ಲಿನ ಆಚೆ ಬರಿದಾಗಿದ್ದ ಜಾಗವನ್ನು ನೋಡಿದ. ಅಷ್ಟೆ, ತೊಡೆ ತಟ್ಟಿ ಎದ್ದ.

"ಬೇಗಂ ಸಾಹೇಬಾ, ಒಂದು ದಪ್ಪ ರಜಾಯಿ ಕೊಡ್ರಿ!"

ರಜಾಯಿ ನಾಲ್ಕು ಮಡಿಕೆ ಮಾಡಿ ಕಲ್ಲಿನ ಕೆಳಗೆ ಹಾಸಿದ. ನೆಲಕ್ಕೆ ಇಳಿಯುವ ಗುಡುಗು ಅರ್ಧ ಅಲ್ಲೇ ಸತ್ತಿತು. ಮೈಕನ್ನು ಕಲ್ಲಿನಿಂದ ದೂರ, ಅಕ್ಕನ ಬಾಯಿಯ ಪಕ್ಕಕ್ಕೆ ತಂದು ಕಟ್ಟಿದ. ಆಮೇಲೆ ಅಂಗಿಯ ತೋಳು ಮೇಲೇರಿಸಿ, ಅಕ್ಕನ ಎದುರಿಗೆ ಕಾಲು ಚಾಚಿ ಕೂತು, ಗೂಟಕ್ಕೆ ಕೈ ಹಾಕಿದ.

ಕರೀಮ ಸಾಬ ಕಿಸಕ್ಕನೆ ನಕ್ಕ. "ಇಷ್ಟು ದೊಡ್ಡ ಮೀಸಿ ಇಟ್ಕೊಂಡು ಜೋಳ ಬೀಸ್ತೀರೇನ್ರಿ?"

"ಈಗೇ ನಕ್ಕುಬಿಡ್ರಿ ಮುನಶಿ ಸಾಬ. ತವಾ ತಿರಗೋವಾಗ ನಕ್ಕರ ನಿಮ್ಮ ಹಲ್ಲು ಈ ಕಲ್ಲಾಗ ಹಾಕಿ ಬೀಸ್ತೇನಿ!"

ಕರೀಮ ಸಾಬ ಬಾಯಿಗೆ ರುಮಾಲು ತುರುಕಿಕೊಂಡ. ಹಾವಗೆಪ್ಪ ವಕೀಲರತ್ತ ತಿರುಗಿ, "ಗುಂಡಿ ನಿಮ್ಮದು, ಕಲ್ಲು ನಂದು. ಒತ್ರಿ," ಅಂದ.

ಎದುರುಬದುರು ಕೂತು ಬೀಸುವುದು ಬಲ್ಲವರಿಗೆ ಗೊತ್ತು, ಒಂದೇ ಗೂಟ ಹಿಡಿದ ಇಬ್ಬರಲ್ಲಿ ಒಬ್ಬರು ಎಳೆದರೆ ಇನ್ನೊಬ್ಬರು ಬಾಗಲೇಬೇಕು. ಸುಂದರಬಾಯಿ ತಗ್ಗುದನಿಯಲ್ಲಿ ಶುರುಮಾಡಿದಳು, ಹಾವಗೆಪ್ಪ ಗೂಟವನ್ನು ತನ್ನತ್ತ ಹೆಚ್ಚು ಎಳೆದ, ಅವಳು ಮೈಕಿನತ್ತ ಬಾಗಿದಳು. ಅವಳ ಕತ್ತಿನ ನರ ಬಿಗಿಯಿತು, ಏರುದನಿ ಬರುತ್ತಿದೆ. ಅವನು ಗೂಟವನ್ನು ಮೆಲ್ಲಗೆ ಆಚೆ ಒತ್ತಿದ, ಅವಳು ಹಿಂದೆ ವಾಲಿದಳು, ದನಿ ಹೊಯ್ದಾಡದೆ ಮೈಕಿಗೆ ಎಷ್ಟು ಬೇಕೋ ಅಷ್ಟೇ ತಾಕಿತು. ಎಡಗೈಯಲ್ಲಿ ಕಾಳು ಹಾಕುವ ಕೆಲಸವೂ ಅವನದೇ. ಕಾಳು ಕಡಿಮೆಯಾದರೆ ಕಲ್ಲು ಗುರುಗುಡುತ್ತದೆ, ಹೊಟ್ಟೆ ತುಂಬಿದರೆ ಸುಮ್ಮನಾಗುತ್ತದೆ, ನಮ್ಮ ನಿಮ್ಮ ಹಾಗೆಯೇ. ಅಕ್ಕ ಸಣ್ಣಗೆ ಹಾಡುವಲ್ಲಿ ಹಿಡಿ ತುಂಬ ಹಾಕಿದ. ಅವಳು ಉಸಿರಿಗೆ ನಿಂತಲ್ಲಿ ಕಾಳಿನ ಕೈ ಬಿಗಿಹಿಡಿದ, ಕಲ್ಲು ತನ್ನ ಒಂದು ಮಾತು ಹೇಳಿಕೊಂಡಿತು. ಅವಳಿಗೆ ಇದಾವುದೂ ಗೊತ್ತಾಗಲಿಲ್ಲ. ಅವಳು ಕಣ್ಣುಮುಚ್ಚಿ ಠಾಣಾ ಕುಶನೂರಿಗೆ ಹೋಗಿದ್ದಳು. ವಕೀಲರು ಮಾತ್ರ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಕದಲದೆ ಓಡುವ ಸೂಜಿಯನ್ನೂ ಹಾವಗೆಪ್ಪನ ಕೈಯನ್ನೂ ಬಾಯ್ತೆರೆದು ನೋಡುತ್ತಿದ್ದರು.

ಮೊರದ ಜೋಳ ಮುಗಿಯುತ್ತ ಬಂತು. ಕಾಳು ಮುಗಿಯುವಾಗ ತವರಿನ ತಮ್ಮನನ್ನು ಹೊಗಳಿ ಹಾಡು ಮುಗಿಸುವುದು ರೂಢಿ. ಸುಂದರಬಾಯಿಯೂ ಬಿಡಲಿಲ್ಲ.

ಹಿಡಿ ಜ್ವಾಳ ಸುರಿತೇನಿ, ಹಿಡಿ ಹಾಡು ಸುರಿತೇನಿ
ನಡುವ ಬಾಗಿಸಿ ತವರೀಗಿ, ನನ ತಮ್ಮ
ಹಡೆದವ್ವ ಇಲ್ಲದ ಮನಿ ದೀಪ

ಎದುರಿಗೆ ಕೂತವರು ಕೊನೆಯ ಸಾಲನ್ನು ತಿರುಗಿ ಹಾಡಬೇಕು. ಅದೂ ರೂಢಿಯೇ. ಎಲ್ಲರಿಗೂ ಸುಮ್ಮನಿರಲು ಹೇಳಿದ ಹಾವಗೆಪ್ಪ, ಮುನಶಿಯ ಹಲ್ಲು ಬೀಸುತ್ತೇನೆಂದ ಹಾವಗೆಪ್ಪ, ತಾನೇ ಬಾಯಿಬಿಟ್ಟು ಕಾಗೆಯಂಥ ಒಡಕುದನಿಯಲ್ಲಿ "ಹಡೆದವ್ವ ಇಲ್ಲದ ಮನಿ ದೀಪ" ಎಂದು ಹಾಡಿಬಿಟ್ಟ! ತವಾ ಮುಗಿಯಿತು. ಅವನು ಹಣೆ ಹಣೆ ಚಚ್ಚಿಕೊಂಡ.

ವಕೀಲರು ತವಾ ಹಚ್ಚಿದರು. ಸುಂದರಬಾಯಿ ಖೋಲಿಯ ನಡುವೆ ಬಂದು ಕೂತಂತೆ ಹಾಡಿದಳು. ಹಿಂದೆ ಕಲ್ಲು ಮೆಲ್ಲಗೆ ಗುಯ್ಗುಡುತ್ತಿತ್ತು. ಕೊನೆಗೆ ಕಾಗೆಯೂ ಬಂತು. ಪರದೆಯ ಹಿಂದೆ ಬೇಗಂ ಬಿಕ್ಕುತ್ತಿದ್ದರು, ಕಾಗೆಗೆ ಬಿಕ್ಕುತ್ತಲೇ ನಕ್ಕರು. ವಕೀಲರು ಬಂದು ಹಾವಗೆಪ್ಪನ ಹಿಟ್ಟು ಮೆತ್ತಿದ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ಯಾವ ಹಡಗದಾಗೂ ಬರಂಗಿಲ್ಲ ಉಸ್ತಾದ. ಒಪ್ಪಿದೆ."

"ನಿಮ್ಮ ತವಾ ಇಲ್ಲಂದ್ರ ನನ್ನ ಕೈ ತಗೊಂಡು ನೆಕ್ಕಬೇಕಿತ್ತೇನ್ರಿ ಸಾಬ?" ಅಂದ ಹಾವಗೆಪ್ಪ. ಮೀಸೆ ತೀಡಿದ, ಅದೂ ಹಿಟ್ಟಾಯಿತು.

ಸೋಮವಾರ ಕೊರಳು ಕೊಯ್ದರು. ಜೀವ ಉಳಿಯಿತು. ದನಿ ಹೋಯಿತು. ಸುಂದರಬಾಯಿಗೆ ಉಳಿದದ್ದು ಒಣ ಎಲೆ ಸರಿದಾಡಿದಂಥ ಪಿಸುಮಾತು ಮಾತ್ರ.

ಗಾಯ ಮಾಯ್ದ ಮೇಲೆ ಹಾವಗೆಪ್ಪ ಔರಾದಕ್ಕೆ ಹೋದ. ಹೆಗಲ ಮೇಲೆ ಒಂದು ಗ್ರಾಮೋಫೋನು, ಬಟ್ಟೆಯಲ್ಲಿ ಸುತ್ತಿದ ವಕೀಲರ ತವಾ. ಉಕ್ಕಿನ ಸೂಜಿ ಹಚ್ಚಿದರೆ ಮೆತ್ತನೆಯ ಅಲ್ಯುಮಿನಿಯಂ ಕೆತ್ತಿಹೋಗುತ್ತದೆ, ಅದಕ್ಕೆ ಮುಳ್ಳೇ ಆಗಬೇಕು. ಹೊಲದ ಬದುವಿನ ಜಾಲಿಮುಳ್ಳು ಮುರಿದು, ಹದ ನೋಡಿ ಕೊಯ್ದು ಹಚ್ಚಿದ. ಓಣಿಯೆಲ್ಲ ಅಂಗಳದಲ್ಲಿ ಕೂಡಿತು. ತವಾ ಹಾಡಿತು. ಹೆಂಗಸರು ಸೆರಗು ಕಚ್ಚಿ ಅತ್ತರು, ಕಾಗೆ ಬಂದಾಗ ಬಿದ್ದು ಬಿದ್ದು ನಕ್ಕರು.

"ಕಡೀಗಿ ನನ್ನ ದನಿ ಬಿದ್ದು ಅದೊಂದು ಹಾಳಾಯ್ತಕ್ಕ. ಇನ್ನೊಂದು ತವಾ ಇದ್ದಿದ್ರ..." ಅಂದ ಹಾವಗೆಪ್ಪ.

ಸುಂದರಬಾಯಿ ತಲೆಯಾಡಿಸಿದಳು. ಪಡಸಾಲೆಯಲ್ಲಿ ಕಲ್ಲಿನ ಮುಂದೆ ಕೂತು, ಎದುರಿನ ಜಾಗ ತೋರಿಸಿದಳು. ಅವನು ಕೂತ. ಅವಳು ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕಿ, ಪಿಸುದನಿಯಲ್ಲಿ ಅಂದಳು: "ನನ್ನ ದನಿ ಅದರಾಗ ಅದ, ಹ್ವಾದ್ರೂ ಹೋಗಿಲ್ಲ. ಆದ್ರ ಕಲ್ಲಿಗಿ ದಿನಾ ಹಾಡು ಬೇಕಲ್ಲೋ. ನೀ ಹಾಡು."

"ನಾನಾ? ನನಗ ಹಾಡಸ್ಲಿಕ್ಕ ಬರ್ತದ ಅಕ್ಕ, ಹಾಡ್ಲಿಕ್ಕ ಬರಂಗಿಲ್ಲ."

ಅವಳು ಗೂಟವನ್ನು ತನ್ನತ್ತ ಎಳೆದಳು, ಅವನು ಮುಂದೆ ಬಾಗಿದ. ಬಾಯಿಂದ ಸಣ್ಣಗೆ ದನಿ ಹೊರಟಿತು. ದನಿ ತಗ್ಗಿದಲ್ಲಿ ಅವಳು ಇನ್ನಷ್ಟು ಎಳೆದಳು, ಏರಿ ಒಡೆಯುವ ಮುಂಚೆ ಮೆಲ್ಲಗೆ ಆಚೆ ಒತ್ತಿದಳು. ಅವನು ತಡವರಿಸಿದಲ್ಲಿ ಹಿಡಿ ತುಂಬ ಕಾಳು ಹಾಕಿ ಕಲ್ಲನ್ನು ಸುಮ್ಮನಾಗಿಸಿದಳು. ಹಾವಗೆಪ್ಪನ ಮೈ ಜುಮ್ಮೆಂದಿತು. ಈ ಎಳೆತ, ಈ ಒತ್ತು, ಈ ಹಿಡಿಕಾಳಿನ ಲೆಕ್ಕ, ಎಲ್ಲ ಅವನಿಗೆ ಗೊತ್ತಿದ್ದದ್ದೇ. ಹಾಲುಹಲ್ಲಿನ ವಯಸ್ಸಿನಲ್ಲಿ, ಅರ್ಧ ನಿದ್ದೆಯಲ್ಲಿ, ಇದೇ ಕೈ ಅವನನ್ನು ಹೀಗೆಯೇ ತೂಗಿತ್ತು. ಮುಂಬಯಿಯಲ್ಲಿ ಸಂಪಾದಿಸಿದೆನೆಂದು ಇಷ್ಟು ವರ್ಷ ಊರಿಗೆಲ್ಲ ಡಂಗುರ ಹೊಡೆದ ಕೈ ಠಾಣಾ ಕುಶನೂರಿನ ಕಲ್ಲಿನ ಮುಂದೆ ಕಲಿತದ್ದು.

"ಅಕ್ಕಾ, ಇದು ನಿಂದೇ ಕೈ," ಅಂದ, ಹಾಡು ನಿಲ್ಲಿಸಿ.

ಸುಂದರಬಾಯಿ ಕಣ್ಣು ಒರೆಸಿಕೊಳ್ಳುವಂತೆ ಅವನಿಗೆ ಸನ್ನೆ ಮಾಡಿದಳು. ಆಮೇಲೆ ಮೊರದಲ್ಲಿ ಇನ್ನೂ ಉಳಿದ ಜೋಳ ತೋರಿಸಿ, ಗೂಟ ಎಳೆದಳು.